ಮಾಯದ ಗಾಯ

ಅಡುಗೆಮನೆಯಲ್ಲಿ ಈಳಿಗೆ ತಾಗಿ ಬೆರಳು ಕೊಯ್ದರೆ, ಆಟದ ಬಯಲಿನಲ್ಲಿ ಎಡವಿ ಬಿದ್ದು ಮೊಣಕಾಲು ತರಚಿದರೆ ಯಾರೂ ಅದನ್ನು ದೊಡ್ಡ ವಿಪತ್ತೆಂದು ಭಾವಿಸುವುದಿಲ್ಲ. ಕೆಲವು ದಿನಗಳಲ್ಲಿಯೇ ಗಾಯದ ಮೇಲೆ ಹಕ್ಕಳೆ ಕಟ್ಟುತ್ತದೆ. ಅದು ಉದುರಿದಾಗ ಅಡಿಯಲ್ಲಿ ಹೊಸ ಚರ್ಮ ಕಾಣಿಸುತ್ತದೆ. ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಶಕ್ತಿ ಶರೀರಕ್ಕೆ ಹುಟ್ಟಿನಿಂದಲೇ ಬಂದಿದೆ. ಆದರೆ ಈ ಶಕ್ತಿ ಸೋಲುವ ಸಂದರ್ಭಗಳೂ ಉಂಟು. ಕೆಲವರ ಕಾಲಿನಲ್ಲಿ ಕಾಣಿಸಿಕೊಂಡ ಒಂದು ಸಣ್ಣ ಗಾಯ ವಾರಗಳು ಕಳೆದರೂ ಮಾಯುವುದಿಲ್ಲ. ಅದು ಅಗಲವಾಗುತ್ತದೆ, ಆಳವಾಗುತ್ತದೆ, ರಸಿಕೆ ಸುರಿಸುತ್ತದೆ. ತಿಂಗಳುಗಳು ವರ್ಷಗಳಾಗುತ್ತವೆ. ಇಂತಹ ಮಾಯದ ಗಾಯವನ್ನು ಕಾಲಿನ ಹುಣ್ಣು ಎಂದು ಕರೆಯುತ್ತಾರೆ.

ಈ ಹುಣ್ಣು ಹಲವು ವೇಳೆ ನಿಂತು ದುಡಿಯುವವರನ್ನೇ ಹುಡುಕಿಕೊಂಡು ಬರುತ್ತದೆ. ಹೋಟೆಲಿನ ಒಲೆಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವ ಅಡುಗೆಯವನು, ಬಸ್ಸಿನ ನಿರ್ವಾಹಕ, ಅಂಗಡಿಯ ಗುಮಾಸ್ತ, ಬಟ್ಟೆ ಇಸ್ತ್ರಿ ಮಾಡುವವನು ಇದಕ್ಕೆ ತುತ್ತಾಗಬಹುದು. ಬರಿಗಾಲಿನಲ್ಲಿ ಹೊಲ ಗದ್ದೆಗಳಲ್ಲಿ ದುಡಿಯುವ, ಸಕ್ಕರೆ ಕಾಯಿಲೆಯುಳ್ಳ ರೈತನಿಗೆ ಬೇರೊಂದು ಬಗೆಯ ಹುಣ್ಣಿನ ಭಯವಿದೆ. ನಿಲ್ಲಲಾಗದವನ ದುಡಿಮೆ ನಿಲ್ಲುತ್ತದೆ. ದುಡಿಮೆ ನಿಂತರೆ ಮನೆಯ ಒಲೆ ಉರಿಯುವುದು ಕಷ್ಟವಾಗುತ್ತದೆ. ಹುಣ್ಣಿನ ದುರ್ವಾಸನೆಗೆ ನಾಚಿ ರೋಗಿಯು ಮದುವೆ ಮುಂಜಿಗಳಿಂದ ದೂರ ಉಳಿಯುತ್ತಾನೆ. ಸೋಂಕು ಮೂಳೆಗೆ ಇಳಿದರೆ ಕಾಲನ್ನೇ ಕತ್ತರಿಸಿ ತೆಗೆಯಬೇಕಾದ ದುಃಸ್ಥಿತಿ ಒದಗಬಹುದು. ಆದ್ದರಿಂದ ಈ ಹುಣ್ಣು ಏಕೆ ಉಂಟಾಗುತ್ತದೆ, ಅದನ್ನು ಮಾಯಿಸಲು ವೈದ್ಯವಿಜ್ಞಾನವು ಯಾವ ಯಾವ ದಾರಿಗಳನ್ನು ಕಂಡುಕೊಂಡಿದೆ ಎಂಬುದನ್ನು ತಿಳಿಯುವುದು ಅವಶ್ಯಕ.

ಮೊದಲು ಸಾಮಾನ್ಯ ಗಾಯವು ಮಾಯುವ ಬಗೆಯನ್ನು ನೋಡಬೇಕು. ಚರ್ಮ ಹರಿದೊಡನೆ ರಕ್ತದಲ್ಲಿರುವ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ರಕ್ತಸ್ರಾವವನ್ನು ತಡೆಯುತ್ತವೆ. ಆ ಬಳಿಕ ಬಿಳಿಯ ರಕ್ತಕಣಗಳು ಗಾಯದ ಸ್ಥಳಕ್ಕೆ ಧಾವಿಸಿ ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ನುಂಗಿ ಹಾಕುತ್ತವೆ. ಗಾಯದ ಸುತ್ತ ಕೆಂಪೇರಿ, ಊದಿ, ಬಿಸಿಯಾಗುವುದು ಈ ಕಾಲದಲ್ಲಿಯೇ. ಸ್ಥಳವು ಶುದ್ಧವಾದ ಮೇಲೆ ಹೊಸ ಲೋಮನಾಳಗಳು ಚಿಗುರುತ್ತವೆ. ಕೊಲಾಜೆನ್ ಎಂಬ ನಾರಿನಂತಹ ಪ್ರೋಟೀನು ಹೆಣೆದುಕೊಳ್ಳುತ್ತದೆ. ಹಸಿ ಗಾಯದ ತಳದಲ್ಲಿ ಕಾಣುವ ಕೆಂಪಾದ ಹರಳು ಹರಳಿನಂತಹ ಮಾಂಸಾಂಕುರವೇ ಇದು. ಕೊನೆಗೆ ಅಂಚಿನ ಚರ್ಮದ ಕೋಶಗಳು ಈ ಹಾಸಿನ ಮೇಲೆ ಮೆಲ್ಲನೆ ತೆವಳಿ ಬಂದು ಪರಸ್ಪರ ಕೂಡಿಕೊಳ್ಳುತ್ತವೆ. ಈ ಕೆಲಸಕ್ಕೆಲ್ಲ ಆಮ್ಲಜನಕ ಬೇಕು, ಆಹಾರ ಬೇಕು. ಎರಡನ್ನೂ ಹೊತ್ತು ತರುವುದು ರಕ್ತ. ರಕ್ತದ ಓಡಾಟ ಕೆಟ್ಟಲ್ಲಿ ಗಾಯದ ದುರಸ್ತಿಯೂ ಕೆಡುತ್ತದೆ.

ಕಾಲಿನ ಹುಣ್ಣುಗಳಿಗೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ಅಭಿಧಮನಿಗಳ ದೋಷ. ಹೃದಯದಿಂದ ಪಾದಕ್ಕೆ ಇಳಿದು ಬಂದ ರಕ್ತವು ಅಭಿಧಮನಿಗಳ ಮೂಲಕ ಮತ್ತೆ ಮೇಲಕ್ಕೆ ಏರಬೇಕು. ಭೂಮಿಯ ಸೆಳೆತಕ್ಕೆ ಎದುರಾಗಿ ಅದನ್ನು ಮೇಲೆತ್ತುವುದು ಮೀನಖಂಡದ ಸ್ನಾಯು. ನಡೆಯುವಾಗ ಈ ಸ್ನಾಯುವು ಬಿಗಿಯಾಗಿ, ಒಳಗಿನ ಅಭಿಧಮನಿಯನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ದೂಡುತ್ತದೆ. ಮೇಲೇರಿದ ರಕ್ತ ಕೆಳಕ್ಕೆ ಜಾರದಂತೆ ಅಭಿಧಮನಿಗಳ ಒಳಗೆ ಸಣ್ಣ ಕವಾಟಗಳಿವೆ. ಇಟಲಿಯ ಪಡುವಾ ನಗರದ ಫಾಬ್ರೀಷಿಯಸ್ ಎಂಬ ಶರೀರಶಾಸ್ತ್ರಜ್ಞನು 1603ರಲ್ಲಿ ಈ ಕವಾಟಗಳನ್ನು ವರ್ಣಿಸಿದನು. ಅವನ ಶಿಷ್ಯನಾದ ವಿಲಿಯಂ ಹಾರ್ವೆಯು 1628ರಲ್ಲಿ ರಕ್ತಪರಿಚಲನೆಯ ಸಿದ್ಧಾಂತವನ್ನು ಪ್ರಕಟಿಸಿದಾಗ ಅವುಗಳ ನಿಜವಾದ ಉಪಯೋಗ ಲೋಕಕ್ಕೆ ತಿಳಿಯಿತು.

ಅಲುಗಾಡದೆ ನಿಂತಿರುವ ಮನುಷ್ಯನ ಪಾದದ ಅಭಿಧಮನಿಯಲ್ಲಿ ರಕ್ತದ ಒತ್ತಡವು ಪಾದರಸದ ಸುಮಾರು 80ರಿಂದ 90 ಮಿಲಿಮೀಟರಿನಷ್ಟಿರುತ್ತದೆ. ಅವನು ನಡೆಯತೊಡಗಿದರೆ ಅದು 30ಕ್ಕಿಂತಲೂ ಕೆಳಗಿಳಿಯುತ್ತದೆ. ಕವಾಟಗಳು ಕೆಟ್ಟವನಲ್ಲಿ ಮಾತ್ರ ನಡೆದರೂ ಒತ್ತಡ ಸಾಕಷ್ಟು ಇಳಿಯುವುದಿಲ್ಲ. ಅಭಿಧಮನಿಗಳು ಉಬ್ಬಿ, ಹುರಿಗೊಂಡು, ಚರ್ಮದಡಿಯಲ್ಲಿ ನೀಲಿಯ ಹಗ್ಗಗಳಂತೆ ಕಾಣುತ್ತವೆ. ಲೋಮನಾಳಗಳಿಂದ ನೀರೂ ರಕ್ತಕಣಗಳೂ ಸೋರಿ ಸುತ್ತಲಿನ ಮಾಂಸವನ್ನು ಸೇರುತ್ತವೆ. ಕಾಲು ಬಾಯುತ್ತದೆ, ಚರ್ಮ ಕಂದುಬಣ್ಣಕ್ಕೆ ತಿರುಗಿ ಗಡುಸಾಗುತ್ತದೆ. ಅಲ್ಲಿ ಒಂದು ಮುಳ್ಳು ಗೀರಿದರೂ ಸಾಕು, ಹುಣ್ಣಾಗುತ್ತದೆ. ಪಾದದ ಗಿಣ್ಣಿನ ಒಳಬದಿಯ ಮೇಲ್ಭಾಗವೇ ಇದರ ವಾಡಿಕೆಯ ಸ್ಥಾನ.

ಎರಡನೆಯ ಕಾರಣ ಅಪಧಮನಿಗಳ ದೋಷ. ಕೊಬ್ಬು ಶೇಖರವಾಗಿ ಅಪಧಮನಿಗಳು ಕಿರಿದಾದರೆ ಪಾದಕ್ಕೆ ಬರುವ ರಕ್ತವೇ ಕಡಿಮೆಯಾಗುತ್ತದೆ. ಬೀಡಿ, ಸಿಗರೇಟುಗಳ ಚಟ ಇದಕ್ಕೆ ದೊಡ್ಡ ಸಹಾಯಕ. ಈ ರೋಗಿಗಳು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮೀನಖಂಡ ನೋಯುತ್ತದೆ, ಪಾದ ತಣ್ಣಗಿರುತ್ತದೆ, ಬೆರಳ ತುದಿಗಳಲ್ಲಿ ಹುಣ್ಣಾಗುತ್ತದೆ. ಮೂರನೆಯ ಕಾರಣ ನರಗಳ ದೋಷ. ಬಹುಕಾಲದ ಮಧುಮೇಹದಲ್ಲಿಯೂ ಕುಷ್ಠರೋಗದಲ್ಲಿಯೂ ಪಾದದ ಸ್ಪರ್ಶಜ್ಞಾನ ನಶಿಸಬಹುದು. ಚಪ್ಪಲಿಯೊಳಗೆ ಸೇರಿದ ಕಲ್ಲು ಒತ್ತಿದರೂ ತಿಳಿಯದು, ಕಾದ ನೆಲ ಸುಟ್ಟರೂ ಅರಿವಾಗದು. ನೋವು ತಿಳಿಯದವನು ಗಾಯದ ಮೇಲೆಯೇ ನಡೆಯುತ್ತಾನೆ. ಅಂಗಾಲಿನ ಹುಣ್ಣು ಹೀಗೆ ಬೆಳೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಈ ಸಂಖ್ಯೆಯನ್ನು ನೆನೆದರೆ ಪಾದದ ಹುಣ್ಣು ಎಷ್ಟು ಮನೆಗಳ ಸಮಸ್ಯೆಯಾಗಬಲ್ಲದು ಎಂಬುದು ವೇದ್ಯವಾಗುತ್ತದೆ.

ಹುಣ್ಣಿನ ಚಿಕಿತ್ಸೆ ಪುರಾತನವಾದುದು. ಸುಶ್ರುತಸಂಹಿತೆಯು ಬೇಗನೆ ಮಾಯದ ಕೆಟ್ಟ ಗಾಯವನ್ನು ದುಷ್ಟವ್ರಣವೆಂದು ಕರೆದು, ವ್ರಣಗಳಿಗೆ 60 ಬಗೆಯ ಉಪಚಾರಗಳನ್ನು ಹೇಳುತ್ತದೆ. ತೊಳೆಯುವುದು, ಕೆಟ್ಟ ಭಾಗವನ್ನು ಕೊಯ್ದು ತೆಗೆಯುವುದು, ಲೇಪ ಹಚ್ಚುವುದು, ಪಟ್ಟಿ ಕಟ್ಟುವುದು ಇವೆಲ್ಲ ಅದರಲ್ಲಿ ಸೇರಿವೆ. ಇಂಗ್ಲೆಂಡಿನ ಶಸ್ತ್ರವೈದ್ಯ ರಿಚರ್ಡ್ ವೈಸ್‌ಮನ್ ಎಂಬಾತನು ದಾರದಿಂದ ಬಿಗಿಯುವ ಚರ್ಮದ ಕಾಲುಚೀಲವನ್ನು ಕಾಲಿನ ಹುಣ್ಣಿಗೆ ಬಳಸಿ, 1676ರಲ್ಲಿ ಅದನ್ನು ಕುರಿತು ಬರೆದನು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಚರ್ಮವೈದ್ಯ ಪಾಲ್ ಗೆರ್ಸನ್ ಊನಾ ಎಂಬವನು ಸತುವಿನ ಆಕ್ಸೈಡು ಬೆರೆಸಿದ ಲೇಪದ ಪಟ್ಟಿಯನ್ನು ಪಾದದಿಂದ ಮೊಣಕಾಲಿನವರೆಗೆ ಸುತ್ತುವ ಪದ್ಧತಿಯನ್ನು ರೂಢಿಗೆ ತಂದನು. ಅದು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಕಾಲನ್ನು ಬಿಗಿಯುವುದರಿಂದ ಹುಣ್ಣು ಏಕೆ ಮಾಯಬೇಕು? ಹೊರಗಿನ ಒತ್ತಡವು ಉಬ್ಬಿದ ಅಭಿಧಮನಿಯನ್ನು ಕಿರಿದುಗೊಳಿಸುತ್ತದೆ, ಸೋರಿದ ನೀರನ್ನು ಹಿಂದಕ್ಕೆ ಕಳುಹಿಸುತ್ತದೆ, ಮೀನಖಂಡದ ಸ್ನಾಯು ಬಿಗಿಯಾದಾಗ ಅದಕ್ಕೆ ಆಧಾರವಾಗಿ ನಿಲ್ಲುತ್ತದೆ. 1980ರ ದಶಕದಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ಪದರಗಳ ಪಟ್ಟಿಯೊಂದನ್ನು ರೂಪಿಸಿದರು. ಒಳಗೆ ಮೆತ್ತನೆಯ ಪದರ, ಹೊರಗೆ ಹಿಗ್ಗುವ ಪದರಗಳು. ಪಾದದ ಗಿಣ್ಣಿನ ಬಳಿ ಸುಮಾರು 40 ಮಿಲಿಮೀಟರಿನಷ್ಟು ಒತ್ತಡ ಬಿದ್ದು, ಮೇಲೆ ಹೋದಂತೆ ಅದು ಕಡಿಮೆಯಾಗುವಂತೆ ಪಟ್ಟಿಯನ್ನು ಸುತ್ತುತ್ತಾರೆ. ಅಭಿಧಮನಿಯ ಹುಣ್ಣಿಗೆ ಇಂದಿಗೂ ಇದೇ ಮೂಲಚಿಕಿತ್ಸೆ. ಬಿಗಿಪಟ್ಟಿಯ ಜೊತೆಗೆ ನಡಿಗೆಯೂ ಇರಬೇಕು. ಕುಳಿತಾಗ, ಮಲಗಿದಾಗ ಕಾಲನ್ನು ಎತ್ತರದಲ್ಲಿ ಇಟ್ಟುಕೊಳ್ಳಬೇಕು.

ಆದರೆ ಒಂದು ಎಚ್ಚರಿಕೆ ಅಗತ್ಯ. ಅಪಧಮನಿ ಮುಚ್ಚಿದ ಕಾಲಿಗೆ ಇದೇ ಪಟ್ಟಿಯನ್ನು ಬಿಗಿದರೆ ಉಳಿದ ಅಲ್ಪ ರಕ್ತವೂ ನಿಂತು ಕಾಲು ಕೊಳೆಯಬಹುದು. ಆದ್ದರಿಂದ ವೈದ್ಯರು ಮೊದಲು ಪಾದದ ಗಿಣ್ಣಿನಲ್ಲಿಯೂ ತೋಳಿನಲ್ಲಿಯೂ ರಕ್ತದೊತ್ತಡವನ್ನು ಅಳೆದು ಹೋಲಿಸುತ್ತಾರೆ. ಆರೋಗ್ಯವಂತನಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಾನ. ಗಿಣ್ಣಿನ ಒತ್ತಡವು ತೋಳಿನ ಒತ್ತಡದ ಹತ್ತರಲ್ಲಿ ಎಂಟು ಪಾಲಿಗಿಂತ ಕಡಿಮೆಯಿದ್ದರೆ ಪೂರ್ಣಬಲದ ಪಟ್ಟಿಯನ್ನು ಕಟ್ಟುವುದಿಲ್ಲ. ಮೊದಲು ಅಪಧಮನಿಯ ಅಡಚಣೆಯನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಬಲೂನಿನಿಂದ ಹಿಗ್ಗಿಸಿಯೋ ಶಸ್ತ್ರಚಿಕಿತ್ಸೆಯಿಂದಲೋ ರಕ್ತಕ್ಕೆ ದಾರಿ ಮಾಡಿಕೊಡುತ್ತಾರೆ.

ಕೆಟ್ಟ ಅಭಿಧಮನಿಯನ್ನೇ ಮುಚ್ಚಿಬಿಡುವ ವಿಧಾನವೂ ಇದೆ. ಸೂಜಿಯ ಮೂಲಕ ತೆಳ್ಳನೆಯ ನಳಿಕೆಯನ್ನು ಅಭಿಧಮನಿಯೊಳಗೆ ತೂರಿಸಿ, ಲೇಸರ್ ಕಿರಣದಿಂದಲೋ ರೇಡಿಯೋ ತರಂಗಗಳಿಂದಲೋ ಕಾಯಿಸಿದರೆ ಆ ನಾಳವು ಮುದುಡಿ ಮುಚ್ಚಿಕೊಳ್ಳುತ್ತದೆ. ರಕ್ತವು ಆರೋಗ್ಯವಾಗಿರುವ ಬೇರೆ ನಾಳಗಳಲ್ಲಿ ಹರಿಯುತ್ತದೆ. ಇದನ್ನು ಹುಣ್ಣು ಮಾಯುವ ಮೊದಲೇ ಮಾಡಬೇಕೇ ಅಥವಾ ಮಾಯಿದ ಮೇಲೆಯೇ ಎಂಬ ಪ್ರಶ್ನೆ ಬಹುಕಾಲ ಇತ್ತು. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಬಿಗಿಪಟ್ಟಿ ಕಟ್ಟಿ, ಅರ್ಧದಷ್ಟು ಜನರಿಗೆ ಅಭಿಧಮನಿಯ ಚಿಕಿತ್ಸೆಯನ್ನೂ ಎರಡು ವಾರದೊಳಗೆ ಮಾಡಲಾಯಿತು. ಮಾಯಲು ಹಿಡಿದ ಮಧ್ಯಮ ಕಾಲ ಅವರಲ್ಲಿ 56 ದಿನ, ಉಳಿದವರಲ್ಲಿ 82 ದಿನ. ದಿನಗೂಲಿಯವನಿಗೆ ಈ 26 ದಿನಗಳ ಅಂತರ ಅಲ್ಪವೇನಲ್ಲ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬುದು ಹಿಂದಿನಿಂದ ಬಂದ ನಂಬಿಕೆ. ಇದನ್ನು ಅಲುಗಿಸಿದವನು ಜಾರ್ಜ್ ವಿಂಟರ್ ಎಂಬ ಇಂಗ್ಲೆಂಡಿನ ವಿಜ್ಞಾನಿ. ಅವನು ಹಂದಿಗಳ ಚರ್ಮದ ಮೇಲೆ ಒಂದೇ ಬಗೆಯ ಗಾಯಗಳನ್ನು ಮಾಡಿ, ಕೆಲವನ್ನು ತೆರೆದುಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದನು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮವು ಸುಮಾರು ಎರಡು ಪಟ್ಟು ವೇಗವಾಗಿ ಹರಡಿತು. 1962ರಲ್ಲಿ ಈ ಸಂಗತಿಯನ್ನು ಅವನು ಪ್ರಕಟಿಸಿದನು. ಕಾರಣ ಸರಳವಾದುದು. ಹಕ್ಕಳೆ ಕಟ್ಟಿದ ಒಣಗಾಯದಲ್ಲಿ ಚರ್ಮದ ಕೋಶಗಳು ಗಟ್ಟಿ ಪದರದ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕು; ತೇವವಿರುವ ಗಾಯದ ಮೇಲಾದರೋ ಅವು ತಡೆಯಿಲ್ಲದೆ ಜಾರಿ ಹೋಗುತ್ತವೆ. ಈ ತತ್ತ್ವವನ್ನು ಅನುಸರಿಸಿ ಇಂದು ಹಲವು ಬಗೆಯ ಹೊದಿಕೆಗಳು ತಯಾರಾಗಿವೆ. ರಸಿಕೆ ಹೆಚ್ಚಿರುವ ಹುಣ್ಣಿಗೆ ಕಡಲಪಾಚಿಯಿಂದ ಮಾಡಿದ ಹೀರುವ ಹೊದಿಕೆ, ಒಣಗಿದ ಹುಣ್ಣಿಗೆ ನೀರಿನಂಶ ಕೊಡುವ ಜೆಲ್, ನಡುವಣ ಸ್ಥಿತಿಗೆ ಸ್ಪಂಜಿನಂತಹ ಹೊದಿಕೆ. ಹುಣ್ಣು ಅತಿಯಾಗಿ ಒಣಗಬಾರದು, ಅತಿಯಾಗಿ ನೆನೆಯಲೂಬಾರದು.

ಹೊದಿಕೆ ಹಾಕುವ ಮೊದಲು ಹುಣ್ಣಿನ ತಳದಲ್ಲಿರುವ ಸತ್ತ ಮಾಂಸವನ್ನು ತೆಗೆಯಬೇಕು. ಕಳೆ ತುಂಬಿದ ಮಡಿಯಲ್ಲಿ ಸಸಿ ಏಳದಂತೆ ಕೊಳೆ ತುಂಬಿದ ಹುಣ್ಣಿನಲ್ಲಿ ಮಾಂಸಾಂಕುರ ಏಳುವುದಿಲ್ಲ. ಈ ಕೆಲಸಕ್ಕೆ ಶಸ್ತ್ರವೇ ಮುಖ್ಯ ಸಾಧನ. ಆದರೆ ಇನ್ನೊಂದು ವಿಚಿತ್ರ ಸಾಧನವೂ ಉಂಟು: ನೊಣದ ಮರಿಹುಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವೈದ್ಯ ವಿಲಿಯಂ ಬೇರ್ ಎಂಬವನು, ಹಲವು ದಿನ ರಣರಂಗದಲ್ಲಿಯೇ ಬಿದ್ದಿದ್ದ ಇಬ್ಬರು ಸೈನಿಕರ ಗಾಯಗಳಲ್ಲಿ ಹುಳುಗಳು ತುಂಬಿರುವುದನ್ನು ಕಂಡನು. ಹುಳುಗಳನ್ನು ತೊಳೆದು ನೋಡಿದರೆ ಒಳಗೆ ಕೀವಿರಲಿಲ್ಲ. ಶುದ್ಧವಾದ ಕೆಂಪು ಮಾಂಸಾಂಕುರ ಇತ್ತು. ಈ ಹುಳುಗಳು ತಮ್ಮ ಜೀರ್ಣರಸದಿಂದ ಸತ್ತ ಮಾಂಸವನ್ನು ಕರಗಿಸಿ ಹೀರಿ, ಜೀವಂತ ಮಾಂಸವನ್ನು ಉಳಿಸುತ್ತವೆ. ಪ್ರಯೋಗಶಾಲೆಯಲ್ಲಿ ರೋಗಾಣುರಹಿತವಾಗಿ ಬೆಳೆಸಿದ ಇಂತಹ ಹುಳುಗಳ ಬಳಕೆಗೆ ಅಮೆರಿಕ ಸರ್ಕಾರವು 2004ರಲ್ಲಿ ಅನುಮತಿ ನೀಡಿತು. ಮನೆಯಲ್ಲಿ ಕುಳಿತ ನೊಣದ ಹುಳುವಾದರೋ ರೋಗವನ್ನೇ ತರುತ್ತದೆ.

ವಿಚಿತ್ರವಾದುದೆಲ್ಲ ಪರಿಣಾಮಕಾರಿಯೆಂದು ವಿಜ್ಞಾನವು ಒಪ್ಪುವುದಿಲ್ಲ, ಪರೀಕ್ಷಿಸಿ ನೋಡುತ್ತದೆ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ ಮರಿಹುಳುಗಳು ಕಾಲಿನ ಹುಣ್ಣನ್ನು ಬೇಗ ಶುದ್ಧಗೊಳಿಸಿದವು. ಆದರೆ ಹುಣ್ಣು ಅದರಿಂದ ಬೇಗ ಮಾಯಲಿಲ್ಲ. ಜೇನುತುಪ್ಪವು ಗಾಯಕ್ಕೆ ಹಳೆಯ ಕಾಲದ ಮದ್ದು. ನ್ಯೂಜಿಲೆಂಡಿನಲ್ಲಿ 368 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬಿಗಿಪಟ್ಟಿಯ ಜೊತೆಗೆ ಜೇನಿನ ಹೊದಿಕೆಯನ್ನು ಬಳಸಿದರು. ಹನ್ನೆರಡು ವಾರಗಳಲ್ಲಿ ಅದರಿಂದ ಗಣನೀಯವಾದ ಹೆಚ್ಚಿನ ಲಾಭವೇನೂ ಕಂಡುಬರಲಿಲ್ಲ. ಹೀಗೆ ಆಸೆ ಹುಟ್ಟಿಸಿದ ಉಪಾಯವನ್ನೂ ಅಳೆದು ತೂಗಿ ನೋಡುವುದೇ ವೈಜ್ಞಾನಿಕ ದೃಷ್ಟಿ.

ಆಳವಾದ ಹುಣ್ಣುಗಳಿಗೆ ಬಳಸುವ ಮತ್ತೊಂದು ಉಪಾಯವೆಂದರೆ ಹೀರುಯಂತ್ರ. ಹುಣ್ಣಿನೊಳಗೆ ಸ್ಪಂಜನ್ನು ತುಂಬಿ, ಮೇಲೆ ಗಾಳಿಯಾಡದ ಹಾಳೆಯನ್ನು ಅಂಟಿಸಿ, ಒಂದು ನಳಿಕೆಯ ಮೂಲಕ ಸಣ್ಣ ಪಂಪಿಗೆ ಸೇರಿಸುತ್ತಾರೆ. ಪಂಪು ಒಳಗಿನ ಗಾಳಿಯನ್ನೂ ರಸಿಕೆಯನ್ನೂ ಹೀರಿಕೊಳ್ಳುತ್ತದೆ. ಹುಣ್ಣಿನ ಅಂಚುಗಳು ಹತ್ತಿರವಾಗುತ್ತವೆ, ಊತ ಇಳಿಯುತ್ತದೆ, ಮಾಂಸಾಂಕುರ ಬೇಗ ಬೆಳೆಯುತ್ತದೆ. ಅಮೆರಿಕದ ಉತ್ತರ ಕ್ಯಾರೊಲಿನ ರಾಜ್ಯದ ಅರ್ಜೆಂಟಾ ಮತ್ತು ಮೋರಿಕ್ವಾಸ್ ಎಂಬ ಇಬ್ಬರು 1997ರಲ್ಲಿ ಈ ವಿಧಾನದ ವಿವರಗಳನ್ನು ಪ್ರಕಟಿಸಿದರು. ಹೊರಗಿನ ಗಾಳಿಗಿಂತ 125 ಮಿಲಿಮೀಟರಿನಷ್ಟು ಕಡಿಮೆ ಒತ್ತಡವನ್ನು ಅವರು ಆರಿಸಿಕೊಂಡಿದ್ದರು.

ತಳವು ಸಿದ್ಧವಾಗಿಯೂ ಅಗಲವಾದ ಹುಣ್ಣು ಮುಚ್ಚದಿದ್ದರೆ ಚರ್ಮದ ಕಸಿ ಮಾಡಬೇಕಾಗುತ್ತದೆ. ಪ್ಯಾರಿಸಿನಲ್ಲಿದ್ದ ರೆವೆರ್ಡಿನ್ ಎಂಬ ವೈದ್ಯನು 1869ರಲ್ಲಿ ರೋಗಿಯ ಶರೀರದ ಬೇರೊಂದು ಭಾಗದಿಂದ ಚರ್ಮದ ಚಿಕ್ಕ ಚಿಕ್ಕ ಚೂರುಗಳನ್ನು ತೆಗೆದು ಹುಣ್ಣಿನ ಮೇಲಿಟ್ಟನು. ನಾಟಿ ಮಾಡಿದ ಸಸಿಗಳಂತೆ ಅವು ಬೇರೂರಿ ಸುತ್ತಲೂ ಹರಡಿದವು. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬ ವಿಜ್ಞಾನಿಗಳು ಮಾನವನ ಚರ್ಮಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಕ್ರಮವನ್ನು ಕಂಡುಹಿಡಿದರು. ಈ ದಾರಿಯಲ್ಲಿ ಮುಂದುವರಿದು, ಹಸುವಿನ ಕೊಲಾಜೆನ್ನಿನ ಹಾಸಿನಲ್ಲಿ ಮಾನವ ಕೋಶಗಳನ್ನು ಬೆಳೆಸಿ ಎರಡು ಪದರಗಳ ಜೀವಂತ ಚರ್ಮವನ್ನು ತಯಾರಿಸಿದರು. ಅಭಿಧಮನಿಯ ಹುಣ್ಣಿಗೆ ಇದನ್ನು ಬಳಸಲು ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ದೊರೆಯಿತು. ಈ ಚರ್ಮವು ಅಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ. ಮಾಯುವಿಕೆಗೆ ಬೇಕಾದ ರಾಸಾಯನಿಕ ಸಂದೇಶಗಳನ್ನು ರೋಗಿಯ ಸ್ವಂತ ಕೋಶಗಳಿಗೆ ಕೊಟ್ಟು ಅವನ್ನು ಎಚ್ಚರಿಸುವುದೇ ಅದರ ಕೆಲಸ.

ಆ ಸಂದೇಶಗಳು ಯಾವುವು? ಅಮೆರಿಕದ ಸ್ಟಾನ್ಲಿ ಕೋಹೆನ್ ಎಂಬ ವಿಜ್ಞಾನಿಯು ಇಲಿಯ ಜೊಲ್ಲಿನ ಗ್ರಂಥಿಯಿಂದ ತೆಗೆದ ರಸವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ವಾಡಿಕೆಗಿಂತ ಮೊದಲೇ ಕಣ್ಣು ತೆರೆದವು. ಆ ರಸದಲ್ಲಿ ಚರ್ಮದ ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನು ಇತ್ತು. ಇಂತಹ ಬೆಳವಣಿಗೆ ಪ್ರಚೋದಕಗಳ ಸಂಶೋಧನೆಗಾಗಿ ಕೋಹೆನ್ ಮತ್ತು ರೀಟಾ ಲೆವಿ ಮೊಂಟಾಲ್ಚಿನಿ ಅವರಿಗೆ 1986ರ ನೊಬೆಲ್ ಪಾರಿತೋಷಕ ದೊರೆಯಿತು. ಕಿರುಬಿಲ್ಲೆಗಳಿಂದ ಬರುವ ಇನ್ನೊಂದು ಪ್ರಚೋದಕವನ್ನು ಕೃತಕವಾಗಿ ತಯಾರಿಸಿ, ಮಧುಮೇಹಿಗಳ ಪಾದದ ಹುಣ್ಣಿಗೆ ಹಚ್ಚುವ ಔಷಧವಾಗಿ ಅಮೆರಿಕದಲ್ಲಿ 1997ರಲ್ಲಿ ಅಂಗೀಕರಿಸಿದರು.

ಇವೆಲ್ಲ ಬೆಲೆಬಾಳುವ ಚಿಕಿತ್ಸೆಗಳು. ಆದರೆ ಹುಣ್ಣಿನ ಮೂಲವನ್ನು ತಿಳಿದರೆ ಅಗ್ಗದ ಸಾಧನವೂ ಅದ್ಭುತವನ್ನು ಸಾಧಿಸಬಲ್ಲದು ಎಂಬುದಕ್ಕೆ ದಕ್ಷಿಣ ಭಾರತದಲ್ಲಿಯೇ ಉತ್ತಮ ನಿದರ್ಶನವಿದೆ. ಡಾಕ್ಟರ್ ಪಾಲ್ ಬ್ರಾಂಡ್ ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ವೈದ್ಯಶಿಕ್ಷಣ ಪಡೆದು 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಆದ್ದರಿಂದ ಅವರ ಹುಣ್ಣುಗಳು ಮಾಯುವುದಿಲ್ಲ ಎಂದು ಅಂದು ಜನ ನಂಬಿದ್ದರು. ಬ್ರಾಂಡ್ ಅವರು ರೋಗಿಗಳ ದಿನಚರಿಯನ್ನು ಸೂಕ್ಷ್ಮವಾಗಿ ಗಮನಿಸಿದರು. ನೋವಿನ ಅರಿವಿಲ್ಲದೆ ಅವರು ಕಾದ ಪಾತ್ರೆಗಳನ್ನು ಹಿಡಿಯುತ್ತಿದ್ದರು, ಗಾಯಗೊಂಡ ಪಾದವನ್ನೇ ಊರಿ ನಡೆಯುತ್ತಿದ್ದರು. ಅವರ ಮಾಂಸದಲ್ಲಿ ದೋಷವಿರಲಿಲ್ಲ. ಕಾವಲಿಗೆ ನಿಂತ ನೋವು ಇಲ್ಲವಾಗಿತ್ತು. ಪಾದಕ್ಕೆ ಸರಿಯಾಗಿ ಹೊಂದುವಂತೆ ಸುಣ್ಣದ ಅಚ್ಚಿನ ಪಟ್ಟಿ ಹಾಕಿ, ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡಿದಾಗ, ವರ್ಷಗಟ್ಟಲೆ ಮಾಯದ ಹುಣ್ಣುಗಳು ಮಾಯತೊಡಗಿದವು. ಮಾಯಿದ ಪಾದಕ್ಕೆ ಮೆತ್ತನೆಯ ರಬ್ಬರಿನ ಅಡಿಯುಳ್ಳ ಪಾದರಕ್ಷೆಗಳನ್ನು ಮಾಡಿಸಿಕೊಟ್ಟರು. 1966ರಲ್ಲಿ ಅವರು ಅಮೆರಿಕಕ್ಕೆ ತೆರಳಿದ ಬಳಿಕ ಅಲ್ಲಿಯ ಮಧುಮೇಹಿಗಳ ಪಾದಗಳಿಗೂ ಈ ಅನುಭವ ನೆರವಾಯಿತು. ಪಾದದ ಭಾರವನ್ನು ತಗ್ಗಿಸುವ ಇಂತಹ ಅಚ್ಚುಪಟ್ಟಿಯು ಮಧುಮೇಹದ ಅಂಗಾಲಿನ ಹುಣ್ಣಿಗೆ ಇಂದೂ ಅತ್ಯಂತ ವಿಶ್ವಾಸಾರ್ಹವಾದ ಚಿಕಿತ್ಸೆಗಳಲ್ಲಿ ಒಂದಾಗಿದೆ.

ಈ ಇತಿಹಾಸದಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ. ಹುಣ್ಣು ಚರ್ಮದ ಮೇಲೆ ಕಾಣಿಸಿದರೂ ಅದರ ಬೇರು ಬೇರೆಲ್ಲಿಯೋ ಇರುತ್ತದೆ. ಅಭಿಧಮನಿಯ ಒತ್ತಡವನ್ನು ಇಳಿಸದೆ, ಅಪಧಮನಿಯ ದಾರಿಯನ್ನು ತೆರೆಯದೆ, ರಕ್ತದ ಸಕ್ಕರೆಯನ್ನು ಹತೋಟಿಗೆ ತಾರದೆ, ಪಾದದ ಭಾರವನ್ನು ತಗ್ಗಿಸದೆ ಪ್ರಯೋಗಶಾಲೆಯ ಚರ್ಮವನ್ನು ಹೊದಿಸಿದರೂ ಪ್ರಯೋಜನವಿಲ್ಲ. ಸುಟ್ಟ ಸುಣ್ಣ, ಎಲೆಯ ರಸ, ಅರಿಶಿನದ ಮೆತ್ತುಗಳನ್ನು ಹಚ್ಚುತ್ತ ಕಾಲ ಕಳೆಯುವುದು ಇನ್ನೂ ಅಪಾಯಕರ. ಎರಡು ವಾರಗಳಾದರೂ ಮಾಯದ ಕಾಲಿನ ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು. ಮಧುಮೇಹಿಯು ಗಾಯ ಕಂಡ ದಿನವೇ ತೋರಿಸುವುದು ಕ್ಷೇಮ.

ಮಧುಮೇಹಿಗಳ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಲು ವೈದ್ಯರು ಹತ್ತು ಗ್ರಾಮ್ ಬಲಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ನೋಡುತ್ತಾರೆ. ಅದು ತಿಳಿಯದವನ ಪಾದ ಅಪಾಯದಲ್ಲಿದೆಯೆಂದು ಅರ್ಥ. ಅಂತಹವನು ಪ್ರತಿದಿನವೂ ತನ್ನ ಪಾದವನ್ನು ನೋಡಿಕೊಳ್ಳಬೇಕು, ಚಪ್ಪಲಿಯನ್ನು ಮೆಟ್ಟುವ ಮುನ್ನ ಕೊಡವಬೇಕು, ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದು. ಕಣ್ಣು ಮಂಜಾದ ಅಜ್ಜನೋ ಬಗ್ಗಲಾರದ ಅಜ್ಜಿಯೋ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರರು. ಸಂಜೆ ದೀಪದ ಬೆಳಕಿನಲ್ಲಿ ಮನೆಯ ಮಕ್ಕಳು ಐದು ನಿಮಿಷ ಅವರ ಪಾದಗಳನ್ನು ಪರೀಕ್ಷಿಸಿದರೆ, ಬೆರಳುಗಳ ಸಂದುಗಳಲ್ಲಿ ಕೆಂಪು ಬೊಬ್ಬೆಯೋ ಬಿರುಕೋ ಇದೆಯೇ ಎಂದು ಕಂಡು ಹೇಳಿದರೆ, ಅದು ಒಂದು ಕಾಲನ್ನು ಉಳಿಸಬಹುದು. ಹಿರಿಯರ ಪಾದಕ್ಕೆ ನಮಸ್ಕರಿಸುವ ನಾಡಿನಲ್ಲಿ ಆ ಪಾದವನ್ನು ಕಾಯುವ ಹೊಣೆಯೂ ಕಿರಿಯರದೇ.